ಮೊದಲ ಚೊಂಬು ನೀರು

ನಮ್ಮ ಮನೆಯಲ್ಲಿ ಬೆಳಗಿನ ಮೊದಲ ಚೊಂಬು ನೀರನ್ನು ಬಾಯಿಗೆ ಹಾಕಿಕೊಳ್ಳುವ ಹಕ್ಕು ಒಬ್ಬರಿಗೇ ಇತ್ತು. ಆ ಒಬ್ಬರು ನಾನಾಗಿರಲಿಲ್ಲ. ಮಂಡಿಗೆ ಎಣ್ಣೆ ಹಚ್ಚಿಕೊಂಡು ಕೂರುವ ಈ ವಯಸ್ಸಿನಲ್ಲಿ ಹೇಳುವಾಗಲೂ ಹೊಟ್ಟೆಯೊಳಗೆ ಸಣ್ಣಗೆ ಉರಿಯುತ್ತದೆ. ಸುಳ್ಳು ಯಾಕೆ ಹೇಳಲಿ? ಪೀಣ್ಯದ ಕಾರ್ಖಾನೆಗಳ ಬೆನ್ನಿಗೆ ಅಂಟಿಕೊಂಡ ಹಳ್ಳಿ ನಮ್ಮದು. ಜಗಲಿಯ ಮೇಲೆ ನಿಂತರೆ ಎದುರಿಗೆ ಶೀಟು ಹೊದಿಸಿದ ಶೆಡ್ಡುಗಳ ಸಾಲು, ಹಿತ್ತಲಿಗೆ ಹೋದರೆ ಬಾವಿ, ಬಾವಿಯಾಚೆ ನಮ್ಮ ರಾಗಿ ಹೊಲ. ಕಾರ್ಖಾನೆಯ ಏಳು ಗಂಟೆಯ ಸೈರನ್ನು ಕೂಗುವಷ್ಟರಲ್ಲಿ ಅವ್ವ ಮುದ್ದೆಗೆ ಎಸರಿಟ್ಟಿರಬೇಕು. ಆದರೆ ಬಾವಿಯಿಂದ ಸೇದಿದ ಮೊದಲ ಚೊಂಬನ್ನು ಅಜ್ಜಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ನುಂಗಿ, ‘ಸರಿ ಐತೆ, ಇಡು’ ಅನ್ನುವವರೆಗೆ ಒಲೆಯ ಮೇಲೆ ಪಾತ್ರೆ ಏರುತ್ತಿರಲಿಲ್ಲ. ಅಜ್ಜಿ ಉಪ್ಪು ನೀರಿನ ಊರಿಂದ ಮದುವೆಯಾಗಿ ಬಂದವಳು. ಸಿಹಿನೀರಿನ ಬಾವಿ ಇರುವ ಮನೆಗೆ ಕೊಟ್ಟರಲ್ಲ ಎಂದು ಅವಳಿಗೆ ಸಾಯುವವರೆಗೂ ಹೆಮ್ಮೆ. ಗಂಡನಿಗಿಂತ ಬಾವಿಯನ್ನೇ ಹೆಚ್ಚು ನೋಡಿಕೊಂಡಳು ಎಂದು ಅಪ್ಪ ಅವಳ ಎದುರಿಗೇ ಹೇಳುತ್ತಿದ್ದ, ಅವಳೂ ಹೌದು ಅನ್ನುತ್ತಿದ್ದಳು.

ಅಜ್ಜಿಯ ರಾಜ್ಯದಲ್ಲಿ ಒಂದು ಚೊಂಬು ನೀರು ಮೂರು ಕೆಲಸ ಮಾಡಿಯೇ ಸಾಯಬೇಕಿತ್ತು. ಅಕ್ಕಿ ತೊಳೆದ ನೀರು ಹಸುವಿನ ಬಾನಿಗೆ, ಸೊಪ್ಪು ತೊಳೆದ ನೀರು ಕರಿಬೇವಿನ ಬುಡಕ್ಕೆ. ಬಚ್ಚಲ ನೀರು ಹಿತ್ತಲ ಮೂಲೆಯ ಗುಂಡಿಗೆ ಇಳಿಯುತ್ತಿತ್ತು. ಆ ಗುಂಡಿಯಲ್ಲಿ ಇದ್ದಿಲು, ಮರಳು, ಇಟ್ಟಿಗೆ ಚೂರು ತುಂಬಿ ಮೇಲೆ ಬಾಳೆ ನೆಟ್ಟಿದ್ದಳು. ಮಳೆಗಾಲದಲ್ಲಂತೂ ಅವಳನ್ನು ಹಿಡಿಯುವವರೇ ಇಲ್ಲ. ಮೊದಲ ಮಳೆಯನ್ನು ಹಾಗೇ ಹೋಗಲು ಬಿಡುತ್ತಿದ್ದಳು, ಅದು ಹೆಂಚಿನ ಧೂಳು, ಕಾರ್ಖಾನೆಯ ಮಸಿ ತೊಳೆಯಲಿಕ್ಕೆ. ಎರಡನೆಯ ಮಳೆಗೆ ಸೂರಿನ ಕೆಳಗೆ ತಗಡಿನ ದೋಣಿ ಕಟ್ಟಿ, ಅಪ್ಪನ ಹಳೇ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಅದರ ಬಾಯಿಗೆ ಬಿಗಿದು, ಕತ್ತಲೆ ಕೋಣೆಯ ಮಣ್ಣಿನ ಗುಡಾಣಗಳಿಗೆ ತುಂಬಿಸುತ್ತಿದ್ದಳು. ಎದೆಮಟ್ಟದ ಆರು ಗುಡಾಣ. ಬಾವಿಗೆ ಏನಾದರೂ ಆದರೆ ಮನೆಗೆ ಇರಲಿ ಎಂದು. ಇಂಥಾ ಬಾವಿಗೆ ಏನಾಗುತ್ತದೆ ಎಂದು ನಾವೆಲ್ಲ ನಗುತ್ತಿದ್ದೆವು.

ಎಲೆಯಡಿಕೆ ಹೊಗೆಸೊಪ್ಪು ಜಗಿದೂ ಜಗಿದೂ ಒಂದು ದಿನ ಅಜ್ಜಿಗೆ ಸಾರಿನ ಉಪ್ಪೇ ಗೊತ್ತಾಗದೆ ಹೋಯಿತು. ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನಮ್ಮಿಬ್ಬರನ್ನೂ ಅಡುಗೆಮನೆಯ ಹೊಸ್ತಿಲಲ್ಲಿ ನಿಲ್ಲಿಸಿದಳು. ನನಗೆ ಒಂಬತ್ತು, ನನ್ನ ತಂಗಿ ಸಾವಿಗೆ ಆರು. ದೊಡ್ಡವಳು ನಾನು. ಬಾವಿಯಿಂದ ನೀರು ಸೇದುವವಳು ನಾನು, ಹಗ್ಗ ಹಿಡಿದು ಅಂಗೈ ದಡ್ಡುಗಟ್ಟಿಸಿಕೊಂಡವಳು ನಾನು. ಹಕ್ಕು ನನಗೇ ಬರಬೇಕೆಂದು ಕೈಯೊಡ್ಡಿ ನಿಂತಿದ್ದೆ. ಅಜ್ಜಿ ತಾಮ್ರದ ಚೊಂಬನ್ನು ನನ್ನ ಕೈ ದಾಟಿಸಿ ಸಾವಿಯ ಕೈಗಿಟ್ಟಳು.

“ನಿಂದು ಬ್ಯಾಡ ಕಣಮ್ಮಿ ಜಯ. ಉಣಿಸೇಹಣ್ಣಿಗೆ ಉಪ್ಪು ಖಾರ ಅಚ್ಕೊಂಡು ನೆಕ್ಕಿ ನೆಕ್ಕಿ ನಿನ್ ನಾಲ್ಗೆ ಕೆಟ್ಟೋಗೈತೆ. ಇವಳ್ದು ಎಳೇ ನಾಲ್ಗೆ.”

“ನೀರ್ ಸೇದೋದು ನಾನು!”

“ಸೇದು. ಬ್ಯಾಡ ಅಂದೋರ್ಯಾರು?”

ಅವತ್ತಿನಿಂದ ಶುರುವಾಯಿತು ನನ್ನ ಉರಿ. ನಸುಕಿನಲ್ಲೆದ್ದು ಕಣ್ಣುಜ್ಜಿಕೊಂಡು ನಾನು ಬಾವಿಗೆ ಹೋಗಬೇಕು, ಕೊಡ ಇಳಿಸಬೇಕು, ಎಳೆಯಬೇಕು. ಸಾವಿಯೋ, ಮಹಾರಾಣಿ, ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಗಲ್ಲಕ್ಕೆ ಕೈಕೊಟ್ಟು ನನ್ನನ್ನೇ ನೋಡುತ್ತಾ ಕೂತಿರುತ್ತಿದ್ದಳು. ನಾನು ಬಾವಿಕಟ್ಟೆಯಲ್ಲಿ ಒಂದು ಬೊಗಸೆ ನೀರಲ್ಲಿ ಬಾಯಿ ಮುಕ್ಕಳಿಸಿ, ಇನ್ನೊಂದು ಬೊಗಸೆ ಕುಡಿದು, ಚೊಂಬು ತುಂಬಿ ತಂದು ಅವಳ ಕೈಗೆ ಕೊಡಬೇಕು. ಅವಳು ಕಣ್ಣುಮುಚ್ಚಿ, ಅಜ್ಜಿಯ ಹಾಗೇ ಗಂಟಲು ಕುಣಿಸಿ ನುಂಗಿ, ‘ಸರಿ ಐತೆ’ ಅನ್ನಬೇಕು. ಅಷ್ಟಕ್ಕೆ ಅವಳಿಗೆ ಒಂದು ತುಂಡು ಬೆಲ್ಲ. ನೀರು ನೋಡಿದ ನಾಲಿಗೆಯನ್ನು ಬರಿದಾಗಿ ಬಿಡಬಾರದಂತೆ. ನನ್ನ ದಡ್ಡುಗಟ್ಟಿದ ಕೈಗೆ ಏನು ಕೊಡಬೇಕು ಎಂದು ಯಾವ ಶಾಸ್ತ್ರದಲ್ಲೂ ಬರೆದಿರಲಿಲ್ಲ. ಮನೆಗೆ ಬಂದವರಿಗೆಲ್ಲ ಅಜ್ಜಿ ‘ನಮ್ ಸಾವಿ ನಾಲ್ಗೆ ತಕ್ಕಡಿ ಕಣವ್ವಾ’ ಎಂದು ಹೇಳುವಾಗ ನಾನು ಕಂಬದ ಹಿಂದೆ ನಿಂತು ಹಲ್ಲು ಕಡಿಯುತ್ತಿದ್ದೆ. ಒಂದು ದಿನ ಅವಳ ಪಾಲಿನ ಬೆಲ್ಲಕ್ಕೆ ಇರುವೆ ಮುತ್ತಲಿ ಎಂದು ಗೋಡೆಯ ಇರುವೆ ಸಾಲಿನ ಪಕ್ಕವೇ ಇಟ್ಟುಬಂದೆ. ಅವಳು ಉಫ್ ಎಂದು ಊದಿ, ಬಾಯಿಗೆ ಹಾಕಿಕೊಂಡು, ನನ್ನನ್ನು ನೋಡಿ ನಕ್ಕಳು.

ಆ ವರ್ಷವೇ ಅಪ್ಪ ಹೊಲದ ತುದಿಯಲ್ಲಿದ್ದ ನಮ್ಮ ಹಳೇ ಕೊಟ್ಟಿಗೆಯನ್ನು ಪ್ಲೇಟಿಂಗ್ ಕೆಲಸದವರಿಗೆ ಬಾಡಿಗೆಗೆ ಕೊಟ್ಟು, ತಾನೂ ಅಲ್ಲೇ ಕೆಲಸಕ್ಕೆ ಸೇರಿಕೊಂಡ. ತುಕ್ಕು ಹಿಡಿದ ಕಬ್ಬಿಣ ಒಳಗೆ ಹೋಗಿ ಕನ್ನಡಿಯ ಹಾಗೆ ಹೊಳೆಯುತ್ತಾ ಹೊರಗೆ ಬರುತ್ತಿತ್ತು. ಸೈಕಲ್ ಹ್ಯಾಂಡಲು, ನಲ್ಲಿ, ಬಾಗಿಲ ಹಿಡಿ. ಅಪ್ಪ ಒಂದು ಹ್ಯಾಂಡಲು ತಂದು ತೋರಿಸಿದ್ದ, ಅದರಲ್ಲಿ ನಮ್ಮೆಲ್ಲರ ಮುಖ ಉದ್ದುದ್ದ ಕಾಣುತ್ತಿತ್ತು. ಅಲ್ಲಿ ತೊಳೆದ ನೀರು ಮಾತ್ರ ಅರಿಶಿನದ ಬಣ್ಣಕ್ಕೆ ತಿರುಗಿ ಬೀದಿಯ ಚರಂಡಿಗೆ ಹರಿಯುತ್ತಿತ್ತು. ಅಕ್ಕಪಕ್ಕದವರು ಬಾಗಿಲ ಮುಂದೆ ಗೊಣಗಿದರು. ಅಪ್ಪ ನ್ಯಾಯವಂತ, ಊರವರಿಗೆ ತೊಂದರೆ ಕೊಡುವ ಜಾಯಮಾನದವನಲ್ಲ. ಅದಕ್ಕೇ ಅವನು ಮಾಡಿದ್ದೇನು ಗೊತ್ತೇ? ಅಜ್ಜಿಯ ಬಚ್ಚಲ ಗುಂಡಿಯ ಹಾಗೇ, ಅದಕ್ಕಿಂತ ನಾಲ್ಕು ಪಟ್ಟು ದೊಡ್ಡ ಗುಂಡಿ ತೋಡಿ, ಇದ್ದಿಲು, ಮರಳು, ಇಟ್ಟಿಗೆ ಚೂರು ತುಂಬಿ, ಶೆಡ್ಡಿನ ನೀರನ್ನು ಅದಕ್ಕೆ ತಿರುಗಿಸಿದ. ಬಾವಿಗೂ ಗುಂಡಿಗೂ ನಡುವೆ ನಮ್ಮ ನಾಲ್ಕು ಸಾಲು ರಾಗಿ ಅಷ್ಟೇ.

“ಮಣ್ಣು ಸೋಸ್ದೇ ಇರೋ ನೀರು ಭೂಮಿ ಮ್ಯಾಲೈತಾ? ಬಚ್ಚಲ್ ನೀರು ಕುಡ್ದು ಬಾಳೆ ಗೊನೆ ಬಿಟ್ಟಿಲ್ವಾ?”

ಅಜ್ಜಿಯೂ ತಲೆಯಾಡಿಸಿದಳು. ತಾನು ಕಲಿಸಿದ್ದನ್ನು ಮಗ ಮರೆತಿಲ್ಲವಲ್ಲ ಎಂದು ಅವಳಿಗೆ ಖುಷಿಯೇ ಆಗಿತ್ತು. ನೀರಿನ ಬಗ್ಗೆ ಏನೂ ತಿಳಿಯದವರು ಮಾಡುವ ತಪ್ಪಲ್ಲ ಅದು. ಬಚ್ಚಲ ನೀರನ್ನು ಮಾತ್ರ ಕಂಡು, ನೀರೆಲ್ಲ ಗೊತ್ತು ಎಂದುಕೊಂಡವರು ಮಾಡುವ ತಪ್ಪು.

ಕಾರ್ತಿಕ ಮುಗಿದು ಚಳಿ ಬಿದ್ದಿತ್ತು. ಎಂದಿನಂತೆ ನೀರು ಸೇದಿ, ಬೊಗಸೆಯಲ್ಲಿ ಹಿಡಿದು ಬಾಯಿ ಮುಕ್ಕಳಿಸಿದೆ. ಹಲ್ಲಿನ ಸಂದಿಯಲ್ಲಿ ಏನೋ ಜುಮ್ ಎಂದಿತು. ಉಗಿದೆ. ಇನ್ನೊಂದು ಬೊಗಸೆ ಹಾಕಿಕೊಂಡೆ, ಮತ್ತೆ ಉಗಿದೆ. ನಾಲಿಗೆಯನ್ನು ಲಂಗದ ಅಂಚಿಗೆ ಒರೆಸಿಕೊಂಡೆ. ಕೊಡ ಹೊಸದು, ಅದರ ವಾಸನೆಯೇ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡು, ಚೊಂಬು ತುಂಬಿ ತಂದು ಸಾವಿಗೆ ಕೊಟ್ಟೆ. ಅವಳು ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಲಿಲ್ಲ. ನುಂಗಲಿಲ್ಲ. ಮೆಟ್ಟಿಲ ಪಕ್ಕ ಉಗಿದು ಅಜ್ಜಿಯ ಕಡೆ ತಿರುಗಿದಳು.

“ಅಜ್ಜಿ, ಮೊಳೆ ನೆಕ್ಕಿದಂಗೈತೆ.”

ಮನೆಯೇ ಎದ್ದು ಅವಳ ಸುತ್ತ ಬಂತು. ಅವ್ವ ಒಲೆ ಬಿಟ್ಟು ಬಂದಳು, ಅಪ್ಪ ಹಲ್ಲುಪುಡಿಯ ಬಾಯಲ್ಲೇ ಬಂದ. ‘ಇನ್ನೊಂದ್ಸಲ ನೋಡವ್ವಾ’, ‘ಎಂಗೈತೆ ಯೋಳು ಕಂದಾ’, ‘ನಾಲ್ಗೆ ತುದೀಲೋ, ಬುಡದಲ್ಲೋ?’ ಆರು ವರ್ಷದ ಚೋಟುದ್ದದವಳಿಗೆ ಅದೆಂಥ ಮರ್ಯಾದೆ! ನೀರು ಸೇದಿ ತಂದ ನನ್ನನ್ನು ಒಬ್ಬರಾದರೂ, ಒಬ್ಬರೇ ಒಬ್ಬರಾದರೂ, ನಿನಗೆ ಹೇಗನ್ನಿಸಿತು ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಇವತ್ತಿಗೂ ನನಗೆ ನಾನು ಹೇಳಿಕೊಳ್ಳುವ ಸಮಾಧಾನ ಅದು. ಕೇಳಲಿಲ್ಲ. ನಾನು ಅವಳ ಕೈಯಿಂದ ಚೊಂಬು ಕಿತ್ತುಕೊಂಡು, ಎಲ್ಲರ ಎದುರಿಗೆ, ತಲೆ ಮೇಲಕ್ಕೆತ್ತಿ, ಗಟಗಟ ಅಷ್ಟನ್ನೂ ಕುಡಿದೆ. ಗಂಟಲಿನುದ್ದಕ್ಕೂ ಕಬ್ಬಿಣ ಇಳಿಯಿತು.

“ಸಿಹಿಯಾಗೈತೆ. ಇವಳು ಸುಳ್ಳಿ. ಬೆಲ್ಲ ಜಾಸ್ತಿ ಕೊಡ್ಲಿ ಅಂತ ನಾಟಕ ಆಡ್ತಾವಳೆ.”

ಅಪ್ಪನ ಮುಖದಲ್ಲಿ ಬೆಳಕು ಬಂತು. ಆ ಗುಂಡಿ ತೋಡಿದವನು ಅವನಲ್ಲವೇ, ಅವನಿಗೆ ಬೇಕಾಗಿದ್ದ ಮಾತು ಅದು. ನನ್ನ ತಲೆಯ ಮೇಲೆ ಕೈಯಿಟ್ಟು ಅಜ್ಜಿಯ ಕಡೆ ತಿರುಗಿದ.

“ನೋಡವ್ವಾ, ದೊಡ್ಡೋಳು ಯೋಳ್ತಾವಳೆ. ಸಣ್ಣೋಳ್ಗೇನ್ ಗೊತ್ತಾಯ್ತದೆ? ಬಾವಿ ಏನ್ ರಾತ್ರೋರಾತ್ರಿ ಕೆಡ್ತದಾ?”

ಆ ಕೈ ಬೆಚ್ಚಗಿತ್ತು. ಅದಕ್ಕೆ ಮಾರಿಹೋದೆ. ಅಜ್ಜಿ ನಮ್ಮಿಬ್ಬರ ಮುಖವನ್ನೂ ನೋಡಿ ಚೊಂಬನ್ನು ನನ್ನ ಕೈಯಲ್ಲೇ ಬಿಟ್ಟಳು. ಮಾರನೆಯ ದಿನದಿಂದ ಮೊದಲ ಚೊಂಬು ನನ್ನದಾಯಿತು. ಬೇಡಿದ್ದು ಸಿಕ್ಕಿತಲ್ಲ, ಅನುಭವಿಸು ಎಂಬಂತೆ ಆ ಚಳಿಗಾಲವಿಡೀ ದಿನಾ ಬೆಳಿಗ್ಗೆ ಮೊಳೆ ನುಂಗಿದೆ. ನುಂಗಿ, ‘ಸರಿ ಐತೆ’ ಎಂದೆ. ಮೇಲೆ ಬೆಲ್ಲ ತಿಂದೆ. ಆ ಬೆಲ್ಲ ಕೂಡಾ ಮೊಳೆಯ ಹಾಗೇ ಇರುತ್ತಿತ್ತು. ಸಾವಿ ಮಾತ್ರ ಬಾವಿ ನೀರು ಮುಟ್ಟಲಿಲ್ಲ. ಹೊಡೆದರೂ ಕುಡಿಯಲಿಲ್ಲ. ಅಜ್ಜಿ ಅವಳಿಗೆಂದು ಒಂದು ಗುಡಾಣದ ಬಾಯಿ ಬಿಚ್ಚಿದಳು. ಆ ಮಳೆನೀರಿನ ತಣ್ಣನೆ ಲೋಟ ಅವಳ ಕೈಯಲ್ಲಿ ಕಂಡಾಗಲೆಲ್ಲ ನನ್ನ ಗಂಟಲು ಒಣಗುತ್ತಿತ್ತು. ಒಂದು ಗುಟುಕು ಕೊಡೇ ಎಂದು ಹೇಗೆ ಕೇಳಲಿ? ಬಾವಿಯ ನೀರು ಸಿಹಿ ಎಂದು ದಿನಾ ಹೇಳುವವಳೇ ನಾನು.

ಸಂಕ್ರಾಂತಿ ಕಳೆಯುವ ಹೊತ್ತಿಗೆ ಅವ್ವನ ಬಾಯೊಳಗೆ ಹುಣ್ಣೆದ್ದವು. ಬಿಸಿ ಮುದ್ದೆ ನುಂಗಲಾರದೆ ಆರಿಸಿ, ಸಣ್ಣ ಸಣ್ಣ ಉಂಡೆ ಮಾಡಿ, ಕಣ್ಣಲ್ಲಿ ನೀರು ತುಂಬಿಕೊಂಡು ಉಣ್ಣುತ್ತಿದ್ದಳು. ಉಷ್ಣ ಎಂದರು, ಕೊತ್ತಂಬರಿ ಬೀಜದ ಕಷಾಯ ಮಾಡಿಕೊಟ್ಟರು. ಕಷಾಯಕ್ಕೂ ಅದೇ ಬಾವಿಯ ನೀರು. ನಾನು ನೋಡುತ್ತಾ ಕೂತಿದ್ದೆ. ಹೇಳಬೇಕು ಹೇಳಬೇಕು ಎಂದು ಬಾಯಿ ತನಕ ಬರುತ್ತಿತ್ತು. ಹೇಳಿದರೆ ಚೊಂಬು ಮತ್ತೆ ಸಾವಿಯ ಕೈಗೆ ಹೋಗುತ್ತದೆ, ಅಪ್ಪನ ಕೈ ನನ್ನ ತಲೆಯ ಮೇಲಿಂದ ಹೋಗುತ್ತದೆ. ನುಂಗಿಕೊಂಡೆ. ಒಂಬತ್ತು ವರ್ಷದವಳಿಗೆ ಏನು ತಿಳಿಯುತ್ತದೆ ಎಂದು ನೀವು ಹೇಳಬಹುದು. ಎಲ್ಲಾ ತಿಳಿಯುತ್ತದೆ ಕಣ್ರೀ. ನನಗೆ ತಿಳಿದಿತ್ತು.

ಬಯಲಿಗೆ ಬಿದ್ದದ್ದು ಯುಗಾದಿಗೆ ಸುಣ್ಣ ಬಳಿಯುವಾಗ. ಪ್ರತಿ ವರ್ಷದ ಹಾಗೆ ಅಪ್ಪ ಹಂಡೆಯಲ್ಲಿ ಬಾವಿ ನೀರು ತುಂಬಿ ಸುಣ್ಣದ ಕಲ್ಲು ಹಾಕಿದ. ಕೊತಕೊತ ಕುದಿಯಿತು. ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ, ಕತ್ತಾಳೆ ನಾರಿನ ಕುಂಚ ಅದ್ದಿ ನಡುಮನೆಯ ಗೋಡೆಗೆ ಎಳೆದ. ಹಸಿಯಲ್ಲಿ ಗೊತ್ತಾಗಲಿಲ್ಲ. ಮಧ್ಯಾಹ್ನ ಊಟ ಮಾಡಿ ಎದ್ದು ನೋಡಿದರೆ ಗೋಡೆ ಪೂರಾ ಹಳದಿ. ನಾಲ್ಕೂ ಗೋಡೆ. ತಾಮ್ರದ ಚೊಂಬಿನಲ್ಲಿ ಕಾಣದಿದ್ದ ಬಣ್ಣ ಬಿಳಿ ಸುಣ್ಣದಲ್ಲಿ ಎದ್ದು ಕಂಡಿತ್ತು. ಅಪ್ಪ ಕುಂಚ ಹಿಡಿದುಕೊಂಡು ನಿಂತಲ್ಲೇ ನಿಂತ. ಅವನಿಗೆ ಆ ಬಣ್ಣ ಗೊತ್ತಿತ್ತು, ದಿನಾ ಅದರಲ್ಲಿ ಕೈಯದ್ದುತ್ತಿದ್ದನಲ್ಲ. ಅಜ್ಜಿ ಗೋಡೆಯ ಮೇಲೆ ಅಂಗೈಯಿಟ್ಟು, ಅಂಗೈ ನೋಡಿಕೊಂಡು, ಅಲ್ಲೇ ಕುಸಿದು ಕೂತಳು.

“ಅಯ್ಯೋ ನನ್ ಬಾವೀನಾ... ನಾನೇ ಕಲ್ಸ್‌ಕೊಟ್ನಲ್ಲೋ ಮಗಾ ಆ ಗುಂಡೀನಾ.”

ಆ ವಾರವೇ ಅಪ್ಪ ಶೆಡ್ಡಿನವರನ್ನು ಬಿಡಿಸಿ ಕಳಿಸಿದ, ಕೆಲಸವನ್ನೂ ಬಿಟ್ಟ. ಗುಂಡಿ ಮುಚ್ಚಿದರು. ಬಾವಿಯ ಬಾಯಿಗೆ ಚಪ್ಪಡಿ ಕಲ್ಲು ಎಳೆದರು. ಒಮ್ಮೆ ಒಳಗಿಳಿದದ್ದು ಮೇಲೆ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಾಗಿತ್ತು. ಅವ್ವನ ಹುಣ್ಣು ಮಾಯಲು ಮುಂದಿನ ಮಳೆಗಾಲವೇ ಬರಬೇಕಾಯಿತು, ಆಮೇಲೂ ಅವಳು ಖಾರದ ಸಾರು ಬಾಯಿಗಿಡಲಿಲ್ಲ. ನನಗೆ ಬೆನ್ನು ಮುರಿಯುವಷ್ಟು ಏಟು ಬೀಳುತ್ತದೆ ಎಂದು ಕಾದೆ. ಬೀಳಲಿಲ್ಲ. ಅಜ್ಜಿ ನನ್ನನ್ನು ಹತ್ತಿರಕ್ಕೆಳೆದುಕೊಂಡು ಕೂದಲಲ್ಲಿ ಕೈಯಾಡಿಸಿದಳು.

“ಪಾಪ, ಇದ್ರ ನಾಲ್ಗೆ ಸತ್ತೋಗೈತೆ. ಇದ್ಕೇನ್ ಗೊತ್ತಿತ್ತು?”

ಆ ಕನಿಕರಕ್ಕಿಂತ ಏಟೇ ವಾಸಿಯಾಗಿತ್ತು. ನನ್ನ ನಾಲಿಗೆ ಬದುಕಿದೆ, ಮೊದಲ ದಿನವೇ ಗೊತ್ತಾಗಿತ್ತು ಎಂದು ಹೇಳುವಂತಿಲ್ಲ. ಕತ್ತಲೆ ಕೋಣೆಯ ಬೀಗದ ಕೈ ಸಾವಿಯ ಸೊಂಟಕ್ಕೆ ಹೋಯಿತು. ಇನ್ನು ಮನೆ ಕುಡಿಯುವುದು ಆರು ಗುಡಾಣದ ಮಳೆನೀರು, ಅದು ಸಾಲದಿದ್ದರೆ ಆಚೆಬೀದಿಯಿಂದ ಹೊತ್ತು ತಂದದ್ದು. ಅಳೆದು ಕೊಡುವವಳು ಅವಳು. ಹೊಸ ಗುಡಾಣ ಬಿಚ್ಚಿದಾಗಲೆಲ್ಲ ಆ ಬೀಗದ ಕೈ ಝಣಝಣ ಅನ್ನಿಸಿಕೊಂಡು ನನ್ನ ಹತ್ತಿರ ಬರುತ್ತಿದ್ದಳು.

“ಅಕ್ಕ, ಮೊದ್ಲು ನೀನ್ ಕುಡಿ.”

ನಾಲಿಗೆ ಸತ್ತವಳೆಂದು ಅಣಕಿಸುತ್ತಿದ್ದಾಳೆ ಎಂದುಕೊಂಡು ಎಷ್ಟು ಸಲ ಅವಳ ಜಡೆ ಎಳೆದಿದ್ದೇನೋ ಲೆಕ್ಕವಿಲ್ಲ. ಹಾಗೆ ಎಳೆಯುವುದಕ್ಕೆ ಮೊದಲು ಕುಡಿಯುತ್ತಿದ್ದೆ ಮಾತ್ರ. ಬಾಯಾರಿಕೆ ಅಲ್ಲವೇ.

ಈಗ ನಾನಿರುವುದು ಮಾಕಳಿಯಲ್ಲಿ. ರವಿಕೆ ಹೊಲಿಯುವ ಅಂಗಡಿ, ಮೇಲೆ ಮನೆ, ಕುಡಿಯಲು ಕ್ಯಾನ್ ನೀರು. ಸಾವಿ ಬ್ರೂಕ್‌ಫೀಲ್ಡಿನಲ್ಲಿ, ಹನ್ನೊಂದನೇ ಅಂತಸ್ತಿನ ಮಗಳ ಮನೆಯಲ್ಲಿ. ಅಲ್ಲೂ ಅವಳೇ ಮಹಾರಾಣಿ. ಅಷ್ಟು ದೊಡ್ಡ ಅಪಾರ್ಟ್‌ಮೆಂಟಿನ ನೀರೆಲ್ಲ ಅವಳ ಮಾತು ಕೇಳುತ್ತದೆ. ಮಾಳಿಗೆಯ ಮೊದಲ ಮಳೆ ಹೊರಕ್ಕೆ, ಎರಡನೆಯದು ಸೋಸಿ ತೊಟ್ಟಿಗೆ, ಬಟ್ಟೆ ತೊಳೆದ ನೀರು ಗಿಡಕ್ಕೆ. ಎಲ್ಲಾ ಅಜ್ಜಿಯದೇ, ಪೈಪು ಮಾತ್ರ ಪ್ಲಾಸ್ಟಿಕ್ಕಿನದು. ಇಂಗ್ಲಿಷ್ ಮಾತಾಡುವ ಹುಡುಗರು ಲಿಫ್ಟಿನಲ್ಲಿ ಅವಳನ್ನು ‘ವಾಟರ್ ಆಂಟಿ’ ಎಂದು ಕರೆದು ಕೈಮುಗಿಯುತ್ತಾರೆ. ನನ್ನನ್ನು ವಾಟರ್ ಆಂಟಿಯ ಅಕ್ಕ ಎನ್ನುತ್ತಾರೆ. ಹೋದ ಬೇಸಿಗೆಯಲ್ಲಿ ನಾನು ಅಲ್ಲಿಗೆ ಹೋಗಿದ್ದಾಗ ಅವರ ಬೋರ್‌ವೆಲ್ ಬತ್ತಿ ಟ್ಯಾಂಕರ್ ತರಿಸಿದ್ದರು. ಮಧ್ಯಾಹ್ನ ಸೆಕ್ಯುರಿಟಿಯವನು ಒಂದು ಬಾಟಲಿಯಲ್ಲಿ ಆ ನೀರಿನ ಮಾದರಿ ತಂದುಕೊಟ್ಟ.

“ಮೇಡಂ, ಹೊಸಾ ಟ್ಯಾಂಕರ್‌ನವ್ರು. ವಾಲ್ವ್ ತೆಗೀಲಾ? ಡ್ರೈವರ್ ಗಲಾಟೆ ಮಾಡ್ತಾವ್ನೆ.”

“ಇರಪ್ಪ, ಒಂದ್ ನಿಮಿಷ,” ಎಂದು ಸಾವಿ ಅದನ್ನು ಲೋಟಕ್ಕೆ ಬಗ್ಗಿಸಿ ನನ್ನ ಮುಂದೆ ಹಿಡಿದಳು. “ಅಕ್ಕ, ನುಂಗ್ಬೇಡ. ಬಾಯಿಗ್ ಹಾಕ್ಕೊಂಡು ಉಗಿ.”

ನನಗೆ ತಲೆಗೇರಿತು. ಮೊಮ್ಮಕ್ಕಳಾದ ಮೇಲೂ ಅಣಕವೇ?

“ನಾಲ್ಗೆ ಸತ್ತೋಳ್ ಕೈಲಿ ಯಾಕೆ ನೋಡಿಸ್ತೀಯೇ? ತಕ್ಕಡಿ ನೀನು. ನೀನೇ ನೋಡು.”

ಅವಳು ಲೋಟ ಕೆಳಗಿಡಲಿಲ್ಲ.

“ನಂಗ್ ಯಾವತ್ತೂ ಏನೂ ಗೊತ್ತಾಗ್ತಿರ್ಲಿಲ್ಲ ಕಣೇ ಅಕ್ಕ. ನೀರು ನಂಗೆ ನೀರೇ. ಅಜ್ಜಿ ಚೊಂಬು ಕೊಟ್ಬಿಟ್ಳು, ಗೊತ್ತಿಲ್ಲ ಅನ್ನೋಕೆ ಭಯ. ಮೆಟ್ಲು ಮೇಲ್ ಕೂತ್ಕೊಂಡು ನಿನ್ ಮುಖ ನೋಡ್ತಿದ್ದೆ. ನೀನು ಬಾಯ್ ಮುಕ್ಕಳಿಸಿ ಕುಡಿದ್ರೆ ಸರಿ ಐತೆ ಅಂತಿದ್ದೆ. ಅವತ್ತು ನೀನು ಎರಡ್ ಸಲ ಉಗಿದೆ. ನಾಲ್ಗೆ ಲಂಗಕ್ಕೆ ಒರೆಸ್ಕೊಂಡೆ.”

“ಮೊಳೆ ಅಂದಿದ್ದು ನೀನು!”

“ಅದಕ್ಕೂ ಮುಂಚೆ ಒಂದ್ಸಲ ನೀನು ಮೊಳೆ ನೆಕ್ಕಿ ಅಪ್ಪನ ಕೈಲಿ ಒದೆ ತಿಂದಿದ್ದೆ ನೋಡು, ಅವತ್ತೂ ಅದೇ ಮುಖ ಮಾಡಿದ್ದೆ.”

ನಾನು ಸಿಹಿ ಎಂದು ಸುಳ್ಳು ಹೇಳಿದ್ದು ಅವಳಿಗೆ ಅವತ್ತೇ ಗೊತ್ತಿತ್ತು. ಅವ್ವನ ಬಾಯಿಹುಣ್ಣು ನೋಡುತ್ತಾ ನಾನು ಕೂತಿದ್ದಾಗ, ನನ್ನನ್ನು ನೋಡುತ್ತಾ ಅವಳು ಕೂತಿದ್ದಳು. ಗುಡಾಣ ಬಿಚ್ಚಿದಾಗಲೆಲ್ಲ ಮೊದಲು ನನಗೇ ಕುಡಿಸುತ್ತಿದ್ದುದು ಅಣಕಕ್ಕಲ್ಲ. ನಾನು ಇಷ್ಟು ವರ್ಷ ಯಾವ ನಾಲಿಗೆಯ ಮೇಲೆ ಹೊಟ್ಟೆ ಉರಿಸಿಕೊಂಡಿದ್ದೆನೋ ಅದು ನನ್ನ ಬಾಯಲ್ಲೇ ಇತ್ತು.

“ಅಜ್ಜಿಗ್ ಯಾಕೆ ಹೇಳ್ಲಿಲ್ವೇ, ನಾಲ್ಗೆ ಇರೋದು ಅಕ್ಕಂಗೆ ಅಂತ?”

ಸಾವಿ ತಲೆ ತಗ್ಗಿಸಿದಳು. ಆರು ವರ್ಷದವಳ ಹಾಗೆ ಕೆಳತುಟಿ ಕಚ್ಚಿಕೊಂಡಳು.

“ಹೇಳಿದ್ರೆ ಬೆಲ್ಲ ನಿಂಗೆ ಕೊಡ್ತಿದ್ಳಲ್ಲೇ.”

ಕೆಳಗೆ ಟ್ಯಾಂಕರಿನವನು ಹಾರ್ನ್ ಒತ್ತುತ್ತಲೇ ಇದ್ದ. ಲೋಟ ತೆಗೆದುಕೊಂಡೆ. ಒಂದು ಗುಟುಕು ಬಾಯಿಗೆ ಹಾಕಿ ನಾಲಿಗೆಯ ಮೇಲೆ ಹೊರಳಿಸಿದೆ. ಸಾವಿ ಲೋಟವನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನು ನೋಡುತ್ತಿದ್ದಳು. ಸಿಂಕಿಗೆ ಹೋಗಿ ಉಗಿದೆ. ಈ ಸಲ ಬಾಯಿಬಿಟ್ಟು ಹೇಳಿದೆ.

“ಮೊಳೆ.”

ಅವಳು ಎರಡನೇ ಮಾತು ಕೇಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ಸೆಕ್ಯುರಿಟಿಯವನಿಗೆ ಹೇಳಿಬಿಟ್ಟಳು:

“ವಾಲ್ವ್ ಮುಟ್ಬೇಡ. ಗಾಡಿ ವಾಪಸ್ ಕಳ್ಸು. ಬಾಟ್ಲು ಲ್ಯಾಬಿಗೆ ಹೋಗ್ಲಿ, ರಿಪೋರ್ಟ್ ಬರೋಗಂಟ ಎಲ್ರೂ ಮಳೆನೀರಿನ ತೊಟ್ಟೀದೇ ಕುಡೀಲಿ. ಒಂದೊಂದ್ ಮನೆಗೆ ಎರಡೆರಡ್ ಕ್ಯಾನ್ ಅಷ್ಟೇ ಅಂತ ಹೇಳು.”

ಅವನು ಹೋದ. ನಾನು ಅವ್ವನನ್ನು ನೆನೆದುಕೊಂಡು, ಆರಿದ ಮುದ್ದೆಯ ಆ ಸಣ್ಣ ಸಣ್ಣ ಉಂಡೆಗಳನ್ನು ನೆನೆದುಕೊಂಡು, ಸಿಂಕಿನ ಮುಂದೆಯೇ ನಿಂತು ಅತ್ತೆ. ಸಾವಿ ಸಮಾಧಾನ ಮಾಡಲು ಬರಲಿಲ್ಲ. ಅಡುಗೆಮನೆಯ ಡಬ್ಬಿಗಳನ್ನು ತಡಕಾಡುವ ಸದ್ದಾಯಿತು. ಆಮೇಲೆ ಒಂದು ಅಚ್ಚು ಬೆಲ್ಲ ತಂದು, ಕುಟ್ಟಾಣಿಯಿಂದ ಎರಡು ಮಾಡಿ, ಒಂದನ್ನು ನನ್ನ ಅಂಗೈಗಿಟ್ಟಳು. ಕಣ್ಣೊರೆಸಿಕೊಂಡು ಮೊದಲು ಅವಳ ಕೈ ನೋಡಿದೆ. ದೊಡ್ಡ ತುಂಡು ನನಗೇ ಕೊಟ್ಟಿದ್ದಳು.